ಮೊದಲು ಹೆಸರು ತಿಳಿಯೋಣ, ಆಮೇಲೆ ಹೆದರೋಣ



ಇವತ್ತು ಬಾವಲಿ ಬಗ್ಗೆ ಬರೆಯುತ್ತಿದ್ದೇನೆ. "ಗುರೂಜಿಗೆ ಬೇರೆ ವಿಷಯ ಸಿಗಲಿಲ್ಲವೇ? ಪಟಸಂಖ್ಯೆ ಇಳಿಯುತ್ತಿದೆ, ಶಿಕ್ಷಕರ ಜಾಗ ಖಾಲಿ ಬಿದ್ದಿವೆ, ಇವರಿಗೆ ಬಾವಲಿ ಚಿಂತೆ" ಎಂದು ಕೆಲವರು ನಗಬಹುದು. ನಗಲಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಓದಿ ನಗಬೇಕು ಎಂಬುದೊಂದೇ ವಿನಂತಿ.

2020ರ ಬೇಸಿಗೆ. ಶಾಲೆ ಮುಚ್ಚಿತ್ತು. ಕೃಷ್ಣೆಯ ದಂಡೆಯ ನಮ್ಮ ಮ್ಹೈಸಾಳದಲ್ಲೂ ಜನ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕುಳಿತಿದ್ದರು. ಆಚೆ ಕಾಗವಾಡಕ್ಕೆ ಹೋಗುವ ರಸ್ತೆಗೆ ಪೊಲೀಸರು ಅಡ್ಡಗಟ್ಟಿದ್ದರು. ಒಂದು ಸಂಜೆ ಹಿರಿಯರೊಬ್ಬರು ನಮ್ಮ ಮನೆ ಕಟ್ಟೆಯ ಹತ್ತಿರ ಬಂದು, ಮುಖಕ್ಕೆ ಟವೆಲ್ ಸುತ್ತಿಕೊಂಡೇ ಕೇಳಿದರು.

"ಮಾಸ್ತರ್ರ, ಈ ರೋಗ ಬಾವಲಿಯಿಂದ ಬಂದೈತಂತ ಟಿವ್ಯಾಗ ಹೇಳಾಕತ್ತಾರ. ಆ ಹಳೇ ವಾಡೇದಾಗ ನೂರಾರು ಜೋತಬಿದ್ದಾವು. ಹೊಗಿ ಹಾಕೂಣೇನ್ರಿ?"

ನಾನು ಬಿ.ಎ. ಓದಿದವನು, ಟಿ.ಸಿ.ಎಚ್. ಮಾಡಿದವನು. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಮಕ್ಕಳಿಗೆ "ಬಾವಲಿ ಹಕ್ಕಿಯಲ್ಲ, ಸಸ್ತನಿ" ಎಂದು ಹೇಳಿಕೊಟ್ಟವನು. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಬೇಕು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಸುಮ್ಮನೆ ಇದ್ದೆ. ಊರಲ್ಲಿ ಮಾಸ್ತರು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಮರುದಿನ ವಾಡೆಯ ಕೆಳಕೋಣೆಯಲ್ಲಿ ಬೇವಿನಸೊಪ್ಪು, ಹುಲ್ಲು ಹಾಕಿ ಹೊಗೆ ಎಬ್ಬಿಸಿದರು. ನಡುಹಗಲಿನಲ್ಲಿ ಬಾವಲಿಗಳು ಹೊರಗೆ ಬಂದವು. ಕಾಗೆಗಳು ಕಾದಿದ್ದವು. ಸಂಜೆ ಗೋಡೆಯ ಬುಡದಲ್ಲಿ ಸತ್ತವು ಬಿದ್ದಿದ್ದವು. ಕೆಲವದರ ಹೊಟ್ಟೆಗೆ ಇನ್ನೂ ಕೂದಲು ಮೂಡದ ಮರಿಗಳು ಅಂಟಿಕೊಂಡಿದ್ದವು.

ಶಾಲೆ ಮತ್ತೆ ತೆರೆದ ಮೇಲೆ ಆರನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಗುರೂಜಿ, ಅವು ಯಾವ ಬಾವಲಿ ಇದ್ದುವ್ರಿ?"

ಯಾವ ಬಾವಲಿ! ಬಾವಲಿಯಲ್ಲಿ 'ಯಾವ' ಎಂಬುದು ಇರುತ್ತದೆ ಎಂದು ನಾನೇ ಅಲ್ಲಿಯತನಕ ಯೋಚಿಸಿರಲಿಲ್ಲ. ಅವು ಯಾವುವು ಎಂದು ಇನ್ನು ಎಂದೂ ತಿಳಿಯುವಂತಿಲ್ಲ. ಏಕೆಂದರೆ ಅವು ಇದ್ದಾಗ ಯಾರೂ ನೋಡಿ ಬರೆದಿಟ್ಟಿರಲಿಲ್ಲ. ನನ್ನ ಇವತ್ತಿನ ಮಾತು ಶುರುವಾಗುವುದು ಅಲ್ಲಿಂದ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಲಾಗದ ನಾಚಿಕೆಗೆ ನಾನು ಓದತೊಡಗಿದೆ. ಜಗತ್ತಿನಲ್ಲಿ 1400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ನಮ್ಮ ದೇಶದಲ್ಲೇ ಸುಮಾರು 130. ನಮ್ಮ ಮನೆಮಾತಿನಲ್ಲಿ ಅವಕ್ಕಿರುವ ಹೆಸರು ಎಷ್ಟು? ತೊಗಲಬಾವಲಿ, ಕಣ್ಕಪಡಿ... ಅಲ್ಲಿಗೆ ಮುಗಿಯಿತು. ಪೇಟೆಗೆ ಹೋದರೆ ಮರಾಠಿಯ ವಟವಾಘೂಳ. ಎಮ್ಮೆ, ಎತ್ತು, ಜೋಳ, ಕಬ್ಬಿಗೆ ತಳಿಗೊಂದು ಹೆಸರಿಟ್ಟ ಜನ ನಾವು. ಬಾವಲಿಯನ್ನು ಮಾತ್ರ ಒಟ್ಟಿಗೆ ಗಂಟುಕಟ್ಟಿ ಇಟ್ಟಿದ್ದೇವೆ. ಹೀಗಾಗಿ ಎಲ್ಲೋ ಒಂದು ಬಾವಲಿಗೆ ಕೆಟ್ಟ ಹೆಸರು ಬಂದರೆ ಎಲ್ಲ ಬಾವಲಿಗಳಿಗೂ ಶಿಕ್ಷೆ ಆಗುತ್ತದೆ.

ರೋಗದ ಸುದ್ದಿಯಲ್ಲಿ ಹೆಸರು ಬಂದದ್ದು ಯಾರದು ನೋಡಿ. 2002-03ರ ಸಾರ್ಸ್ ರೋಗದ ವೈರಾಣುವಿನ ಹತ್ತಿರದ ಸಂಬಂಧಿಗಳು ಚೀನಾದ ಕುದುರೆಲಾಳದ ಬಾವಲಿಗಳಲ್ಲಿ ಇವೆ ಎಂದು 2005ರಲ್ಲಿ ಗೊತ್ತಾಯಿತು. ಕೊರೋನಾ ವೈರಾಣುವಿಗೆ ಶೇಕಡಾ 96ರಷ್ಟು ಹೋಲುವ ಒಂದು ವೈರಾಣು, 2013ರಲ್ಲಿ ಯುನ್ನಾನ್ ಪ್ರಾಂತದಲ್ಲಿ ಹಿಡಿದ ಒಂದು ಜಾತಿಯ ಕುದುರೆಲಾಳದ ಬಾವಲಿಯ ಮಾದರಿಯಲ್ಲಿತ್ತು. ಶೇಕಡಾ 96 ಎಂದರೆ ಸಂಬಂಧಿ, ಅದೇ ವೈರಾಣು ಅಲ್ಲ. ಆ ನಡುವಿನ ಶೇಕಡಾ 4 ಎಂದರೆ ದಶಕಗಳ ಅಂತರ ಎನ್ನುತ್ತಾರೆ ತಿಳಿದವರು. ಯುನ್ನಾನಿನ ಒಂದು ಜಾತಿಯ ಸುದ್ದಿಗೆ ನಮ್ಮೂರ ವಾಡೆಯಲ್ಲಿ ಹೊಗೆ ಹಾಕಿದೆವು. ಎಲ್ಲಿಯ ಯುನ್ನಾನ್, ಎಲ್ಲಿಯ ಮ್ಹೈಸಾಳ!

2021ರಲ್ಲಿ ಮತ್ತೊಂದು ಗದ್ದಲ ಆಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಮಹಾಬಳೇಶ್ವರದ ಗುಹೆಯೊಂದರಲ್ಲಿ 2020ರ ಮಾರ್ಚಿನಲ್ಲಿ ಹಿಡಿದ ಬಾವಲಿಗಳಲ್ಲಿ ನಿಪಾ ವೈರಾಣುವಿನ ಕುರುಹು ಸಿಕ್ಕಿತೆಂದು ಪ್ರಕಟಿಸಿದರು. ಅದು ಹೆಚ್ಚಾಗಿ ಸಿಕ್ಕಿದ್ದು ಹಣ್ಣು ತಿನ್ನುವ ಜಾತಿಯ ಬಾವಲಿಯಲ್ಲಿ. ಆದರೆ ಹಳ್ಳಿಗೆ ಬರುವಷ್ಟರಲ್ಲಿ ಸುದ್ದಿಯಿಂದ ಜಾತಿಯ ಹೆಸರು ಉದುರಿ ಹೋಗಿ, 'ಬಾವಲಿ' ಎಂಬುದಷ್ಟೇ ಉಳಿದಿತ್ತು.

ಇರಲಿ, ಈ ಕುದುರೆಲಾಳದ ಬಾವಲಿ ಎಂದರೆ ಏನು ಎಂದು ಮೊದಲು ಹೇಳುತ್ತೇನೆ.

ಇದರ ಮೂಗಿನ ಮೇಲೆ ತೊಗಲಿನ ಎಲೆಯಂಥ ಒಂದು ರಚನೆ ಇರುತ್ತದೆ. ಕೆಳಭಾಗ ಕುದುರೆಯ ಲಾಳದ ಹಾಗೆ ಮೂಗಿನ ಹೊಳ್ಳೆಗಳನ್ನು ಸುತ್ತಿಕೊಂಡಿರುತ್ತದೆ. ನಡುವೆ ಒಂದು ಪುಟ್ಟ ಉಬ್ಬು. ಮೇಲೆ ಈಟಿಯ ಮೊನೆಯಂತೆ ಚೂಪಾದ ತುದಿ. ಇದರ ಹತ್ತಿರದ ನೆಂಟ ಎಲೆಮೂಗಿನ ಬಾವಲಿಗೆ ಆ ಚೂಪು ಮೊನೆ ಇರುವುದಿಲ್ಲ, ಮೇಲ್ಭಾಗ ಅಗಲವಾಗಿ, ದುಂಡಗೆ ಇರುತ್ತದೆ. ಇನ್ನೊಂದು ಗುರುತು ಎಂದರೆ ಕುದುರೆಲಾಳದ್ದು ಜೋತುಬಿದ್ದಾಗ ರೆಕ್ಕೆಯನ್ನು ಮೈಗೆಲ್ಲ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ.

ತರಗತಿಯಲ್ಲಿ ನಾನು ಇದರ ದೊಡ್ಡ ಚಿತ್ರ ತೋರಿಸಿ "ಕುದುರೆಲಾಳ" ಎಂದಾಗ ಮಕ್ಕಳು ಮಿಕಮಿಕ ನೋಡಿದರು. ಹಿಂದಿನ ಬೆಂಚಿನ ಹುಡುಗ ಒಬ್ಬ, "ಗುರೂಜಿ, ಇದು ನಾಲ ಅಲ್ರೀ? ಎತ್ತಿಗೆ ಬಡಿತಾರಲ್ಲ, ಅದು. ನಾಲಮೂಗಿನ ಬಾವಲಿ ಅನ್ರೀ" ಎಂದ. ಅವನ ಅಜ್ಜ ಎತ್ತುಗಳಿಗೆ ನಾಲ ಬಡಿಯುತ್ತಿದ್ದವರು. ಅಂದಿನಿಂದ ನಮ್ಮ ಶಾಲೆಯಲ್ಲಿ ಅದು ನಾಲಮೂಗಿನ ಬಾವಲಿ. ಜರ್ಮನ್ ಭಾಷೆಯಲ್ಲೂ ಇದಕ್ಕೆ 'ಲಾಳಮೂಗು' ಎಂಬ ಅರ್ಥದ ಹೆಸರೇ ಇದೆಯಂತೆ. ಅಂದರೆ ಆ ಹುಡುಗ ಜರ್ಮನಿಯ ಪಂಡಿತರಿಗಿಂತ ಏನೂ ಕಡಿಮೆ ಇಲ್ಲ!

ಸಹ್ಯಾದ್ರಿಯ ಕಾಡುಗುಡ್ಡಗಳ ಗುಹೆಗಳಲ್ಲಿ ಈ ಕುಲದ ಹಲವು ಜಾತಿಗಳಿವೆ. ಮುಂಗೈ ಮೂಳೆಯ ಉದ್ದ ಅಳೆದು ಇವನ್ನು ಬೇರ್ಪಡಿಸುತ್ತಾರೆ. ಬ್ಲೈತನ ಹೆಸರಿನದು ಚಿಕ್ಕದು, ಅದರ ಮುಂಗೈ ಸುಮಾರು 4 ಸೆಂಟಿಮೀಟರು. ರೂ ಎಂಬಾತನ ಹೆಸರಿನ ಕೆಂಗಂದು ಬಾವಲಿಯದು 5ರ ಆಸುಪಾಸು. ಬೆಡ್ಡೋಮನ ಹೆಸರಿನದು ದೊಡ್ಡದು, ಸುಮಾರು 6. ಹೆಸರುಗಳೆಲ್ಲ ಹೊರಗಿನವರವು ನೋಡಿ. ನಮ್ಮ ಗುಡ್ಡದ ಪ್ರಾಣಿಯನ್ನು ಅವರು ನೋಡಿ ಬರೆದರು, ಆದ್ದರಿಂದ ಹೆಸರು ಅವರದಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬರೆಯದ ನಮ್ಮ ಮೇಲೆ ಬೇಸರ ಇದೆ.

ಅಳತೆಗಿಂತ ದೊಡ್ಡ ಗುರುತು ಇವುಗಳ ದನಿ. ಬಾವಲಿ ಕುರುಡು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅದು ತಪ್ಪು, ಅದಕ್ಕೆ ಕಣ್ಣಿದೆ. ಆದರೆ ಕತ್ತಲಲ್ಲಿ ಹುಳ ಹಿಡಿಯುವ ಬಾವಲಿ ನಂಬುವುದು ಕೂಗು ಮತ್ತು ಮರುದನಿಯನ್ನು. ನಮ್ಮ ಕಿವಿ 20 ಕಿಲೋಹರ್ಟ್ಜ್ ದಾಟಿದ ದನಿಯನ್ನು ಕೇಳಲಾರದು. ನಾಲಮೂಗಿನವು ಅದಕ್ಕಿಂತ ಎಷ್ಟೋ ಎತ್ತರದಲ್ಲಿ, ಅದೂ ಮೂಗಿನ ಹೊಳ್ಳೆಯಿಂದ ಕೂಗುತ್ತವೆ. ಆ ಲಾಳ ಇರುವುದೇ ದನಿಯನ್ನು ಒಂದು ದಿಕ್ಕಿಗೆ ಕೂಡಿಸಿ ಬಿಡಲಿಕ್ಕೆ, ಕಹಳೆಯ ಬಾಯಿ ಇದ್ದಂತೆ.

ಮಿರಜ ಜಂಕ್ಷನ್ನಿನಲ್ಲಿ ನಿಂತವರಿಗೆ ಒಂದು ಅನುಭವ ಇರುತ್ತದೆ. ನಿಲ್ಲದೆ ಓಡುವ ಗಾಡಿ ಹತ್ತಿರ ಬರುವಾಗ ಅದರ ಸೀಟಿ ಏರುದನಿಯಲ್ಲಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಹಾರುವ ಬಾವಲಿಗೂ ಇದೇ ತೊಂದರೆ. ಮುಂದಕ್ಕೆ ಹಾರುವಾಗ ಮರುದನಿ ಏರಿ ಬರುತ್ತದೆ. ಅದರ ಕಿವಿ ಒಂದೇ ಒಂದು ಶ್ರುತಿಗೆ ಬಹಳ ಚುರುಕು. ಅದಕ್ಕೆ ಅದು ಏನು ಮಾಡುತ್ತದೆ ಗೊತ್ತೇ? ಹಾರುವ ವೇಗಕ್ಕೆ ತಕ್ಕಷ್ಟು ತನ್ನ ಕೂಗನ್ನೇ ತಗ್ಗಿಸುತ್ತದೆ, ಮರುದನಿ ತನ್ನ ಶ್ರುತಿಗೆ ಸರಿಯಾಗಿ ಬಂದು ಬೀಳುವ ಹಾಗೆ! 1968ರಲ್ಲಿ ಶ್ನಿಟ್ಸ್‌ಲರ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ತಂಬೂರಿ ಮಾಡುವ ಮಿರಜದ ಓಣಿಗಳಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿ ನೋಡಿ. ಶ್ರುತಿ ಎಂದರೇನು ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಜಾತಿಗೊಂದು ಶ್ರುತಿ ಇದೆ. ದೊಡ್ಡ ಬೆಡ್ಡೋಮನದು ಸುಮಾರು 40 ಕಿಲೋಹರ್ಟ್ಜ್, ಚಿಕ್ಕ ಬ್ಲೈತನದು ನೂರರ ಆಸುಪಾಸು. ಬಾವಲಿಯ ದನಿಯನ್ನು ನಮ್ಮ ಕಿವಿಗೆ ಕೇಳುವಂತೆ ಇಳಿಸುವ ಯಂತ್ರ ಇಟ್ಟುಕೊಂಡು ಗುಹೆಯ ಹೊರಗೆ ನಿಂತರೂ ಸಾಕು, ಒಂದನ್ನೂ ಮುಟ್ಟದೆ ಎಷ್ಟೋ ತಿಳಿಯಬಹುದು. ಇದರಿಂದಲೇ ಒಂದು ದೊಡ್ಡ ಸಂಗತಿ ಹೊರಬಿತ್ತು. ಕೆಂಗಂದು ಬಾವಲಿ ಒಂದೇ ಜಾತಿ ಎಂದು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ತಿಳಿದಿದ್ದರು. ದಕ್ಷಿಣ ಭಾರತದಲ್ಲಿ ಕೆಲವು ಗುಂಪು 80ರ ಸುಮಾರಿಗೆ, ಕೆಲವು 90ರ ಸುಮಾರಿಗೆ ಕೂಗುವುದನ್ನು ಗಮನಿಸಿ, ವಂಶವಾಹಿಯನ್ನೂ ಪರೀಕ್ಷಿಸಿದಾಗ ಇವು ಎರಡು ಜಾತಿ ಎಂದು 2010ರಲ್ಲಿ ಪ್ರಕಟವಾಯಿತು. ಎರಡನೆಯದಕ್ಕೆ ಆಮೇಲೆ 'ಇಂಡೋರೂಕ್ಸಿ' ಎಂದು ಹೆಸರು ಬಂತು. ನೋಡಲು ಬಹುತೇಕ ಒಂದೇ. ದನಿ ಬೇರೆ, ರಕ್ತ ಬೇರೆ. ಇಷ್ಟು ವರ್ಷ ಕಣ್ಣಮುಂದೆ ಹಾರುತ್ತಿದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ.

ಬರೆದಿಡುವುದರಿಂದ ಏನು ಉಪಯೋಗ ಎಂಬುದಕ್ಕೆ ನಮ್ಮ ಕನ್ನಡ ನಾಡಿನದೇ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ ರೋಗ. ಪುಣೆಯ ವೈರಾಣು ಸಂಶೋಧಕರು ಆ ಕಾಡನ್ನು ವರ್ಷಗಟ್ಟಲೆ ಜಾಲಾಡಿದರು. 1969ರಲ್ಲಿ ಇದೇ ಕೆಂಗಂದು ನಾಲಮೂಗಿನ ಬಾವಲಿಯಲ್ಲೂ ಆ ವೈರಾಣು ಸಿಕ್ಕಿತೆಂದು ವರದಿ ಮಾಡಿದರು. ಆದರೂ ಗುಹೆಗಳಿಗೆ ಹೊಗೆ ಹಾಕಿ ಎಂದು ಅವರು ಹೇಳಲಿಲ್ಲ. ಏಕೆಂದರೆ ಯಾವ ಪ್ರಾಣಿಯಲ್ಲಿ ಏನಿದೆ ಎಂದು ಒಂದೊಂದಾಗಿ ನೋಡಿ ಬರೆದಿದ್ದರಿಂದ, ಜನರಿಗೆ ರೋಗ ದಾಟಿಸುವುದು ಮುಖ್ಯವಾಗಿ ಕಾಡಿನ ಉಣ್ಣೆ ಹುಳ ಎಂದು ಅವರಿಗೆ ಗೊತ್ತಿತ್ತು. ಅದೇ ಕೆಲಸದ ಮುಂದುವರಿಕೆಯಾಗಿ ಎಚ್.ಆರ್. ಭಟ್ ಮತ್ತು ಶ್ರೀನಿವಾಸನ್ ಅವರು ಆ ಪ್ರದೇಶದ ಬಾವಲಿಗಳ ದಾಖಲೆಯನ್ನು 1990ರಲ್ಲಿ ಪ್ರಕಟಿಸಿದರು. ರೋಗದ ನಾಡಿನಲ್ಲಿ ಕುಳಿತು ಬಾವಲಿಗಳ ಪಟ್ಟಿ ಮಾಡಿದರು! ನಾವೋ, ರೋಗದ ಸುದ್ದಿ ಕೇಳಿಯೇ ಕಡ್ಡಿ ಗೀರಿದೆವು.

ಎರಡನೆಯದು ಕೋಲಾರದ್ದು. ಅಲ್ಲಿಯ ಎಲೆಮೂಗಿನ ಬಾವಲಿಯನ್ನು ಹೊಸ ಜಾತಿ ಎಂದು 1994ರಲ್ಲಿ ಕೋಕ್ ಎಂಬವರ ಜೊತೆ ಹೆಸರಿಸಿದವರು ಇದೇ ಭಟ್ಟರು. ಇವತ್ತು ಅದು ಉಳಿದಿರುವುದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, 200ಕ್ಕಿಂತ ಕಡಿಮೆ ಎಂದು ಒಮ್ಮೆ ಅಂದಾಜಿಸಿದ್ದರು. ಸುತ್ತ ಕಲ್ಲು ಗಣಿಗಾರಿಕೆ ನಡೆದಿತ್ತು. ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟಿನವರು ವರ್ಷಗಟ್ಟಲೆ ಎಣಿಸಿ, ದಾಖಲಿಸಿ, ಸರ್ಕಾರದ ಗಮನಕ್ಕೆ ತಂದಿದ್ದರಿಂದ ಆ ಜಾಗಕ್ಕೆ ರಕ್ಷಣೆ ಸಿಕ್ಕಿತು. ಹೆಸರು, ಲೆಕ್ಕ ಇಲ್ಲದಿದ್ದರೆ ಆ ಗುಡ್ಡ ಇಷ್ಟೊತ್ತಿಗೆ ಯಾರದೋ ಮನೆಯ ಅಡುಗೆ ಕಟ್ಟೆ ಆಗಿರುತ್ತಿತ್ತು.

ಮೂರನೆಯದು ನಮಗೆ ಬಹಳ ಹತ್ತಿರದ್ದು, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಗಳು. ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಸಸ್ತನಿ ಸಮೀಕ್ಷೆಯ ಕಾಲದಲ್ಲಿ ಅಲ್ಲಿ ಸಿಕ್ಕ ಉದ್ದ ಕಿವಿಯ ಬಾವಲಿಗೆ 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬವರು ರಾಟನ್ ಎಂಬವರ ಹೆಸರಿಟ್ಟರು. ಎಷ್ಟೋ ದಶಕ ಇಡೀ ಜಗತ್ತಿನಲ್ಲಿ ಆ ಬಾವಲಿ ಗೊತ್ತಿದ್ದದ್ದು ಅಲ್ಲಿ ಮಾತ್ರ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡಿತು. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಅದಕ್ಕೂ ಜಾಗ ಸಿಕ್ಕಿತು. ಆ ಕಾಡು 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಅದೇ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಹುತೇಕ ಬಾವಲಿಗಳು ಇಲಿ, ಕಾಗೆಗಳ ಜೊತೆ 'ಪೀಡೆ' ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ನೋಡಿ, ಗುರುತು ಸಿಕ್ಕ ಬಾವಲಿಗೆ ಹುಲಿಯ ಪಂಕ್ತಿ, ಗುರುತಿಲ್ಲದ್ದಕ್ಕೆ ಹೊಗೆ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಗಡಿಯ ಪ್ರತಿಯೊಂದು ಕನ್ನಡ ಶಾಲೆಯೂ ಒಂದು ಬಾವಲಿ ವಹಿ ಇಡಬೇಕು. ಮಿರಜ, ಜತ್ತ, ಅಕ್ಕಲಕೋಟೆ, ಎಲ್ಲ ಕಡೆ. ಇದಕ್ಕೆ ಯಾವ ಅನುದಾನವೂ ಬೇಡ. ನೂರು ಪುಟದ ಒಂದು ವಹಿ, ಒಂದು ಪೆನ್ನು.

ಅದರಲ್ಲಿ ಬರೆಯುವುದು ಇಷ್ಟೇ. ತಾರೀಖು, ಜಾಗ, ಹೊತ್ತು. ಅವು ಇರುವುದು ಗುಹೆಯೋ, ಬಾವಿಯೋ, ವಾಡೆಯೋ, ಮರವೋ. ಸಂಜೆ ಹೊರಗೆ ಬರುವಾಗ ದೂರದಿಂದ ಎಣಿಸಿದರೆ ಎಷ್ಟು. ಊರಿನ ಹಿರಿಯರು ಅವನ್ನು ಏನೆಂದು ಕರೆಯುತ್ತಾರೆ. ಮೊದಲು ಎಷ್ಟಿದ್ದವು ಎನ್ನುತ್ತಾರೆ. ಜಾತಿ ಖಚಿತ ಗೊತ್ತಿಲ್ಲದಿದ್ದರೆ 'ಜಾತಿ ತಿಳಿದಿಲ್ಲ' ಎಂದೇ ಬರೆಯಬೇಕು. ಅಂದಾಜಿನ ಮೇಲೆ ಹೆಸರು ಬರೆಯುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ಪಂಡಿತರೇ ಅಷ್ಟು ವರ್ಷ ಎರಡನ್ನು ಒಂದೆಂದು ತಿಳಿದಿದ್ದರಲ್ಲ! ಜಾಗ, ತಾರೀಖು ಸರಿಯಾಗಿದ್ದರೆ ಮುಂದೆ ತಿಳಿದವರು ಬಂದು ಹೆಸರು ತುಂಬಿಕೊಳ್ಳುತ್ತಾರೆ.

ಮಕ್ಕಳಿಗೆ ರೋಗ ತಗಲಿದರೆ ಯಾರು ಹೊಣೆ ಎಂದು ಪಾಲಕರು ಕೇಳುತ್ತಾರೆ, ಕೇಳಲೇಬೇಕು. ಅದಕ್ಕೇ ಮೂರು ನಿಯಮ ಹಾಕಿಕೊಂಡಿದ್ದೇವೆ. ಗುಹೆಯೊಳಗೆ, ಬಾವಿಯೊಳಗೆ ಮಕ್ಕಳು ಕಾಲಿಡಬಾರದು. ಬದುಕಿದ್ದಾಗಲಿ ಸತ್ತದ್ದಾಗಲಿ ಬಾವಲಿಯನ್ನು ಮುಟ್ಟಬಾರದು. ಬೆಂಕಿ, ಹೊಗೆ, ಕಲ್ಲು, ಗದ್ದಲ, ಕಣ್ಣು ಕುಕ್ಕುವ ಬೆಳಕು ಬೇಡ. ಹಿಡಿದು ಅಳೆಯುವುದು ಅನುಮತಿ ಮತ್ತು ತರಬೇತಿ ಇದ್ದವರ ಕೆಲಸ. ಈ ನಿಯಮ ನಮ್ಮನ್ನೂ ಕಾಯುತ್ತದೆ, ಅವುಗಳನ್ನೂ ಕಾಯುತ್ತದೆ. ನಾಲಮೂಗಿನ ಬಾವಲಿ ವರ್ಷಕ್ಕೆ ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಒಮ್ಮೆ ಬೆದರಿಸಿ ಓಡಿಸಿದರೆ ಆ ಗುಂಪು ಚೇತರಿಸಿಕೊಳ್ಳಲು ಎಷ್ಟೋ ವರ್ಷ ಬೇಕು.

ಇನ್ನೊಂದು ಮಾತು. ಬರೆದದ್ದನ್ನೆಲ್ಲ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವ ಚಟ ನಮ್ಮಲ್ಲಿ ಬೆಳೆದಿದೆ. ಇದೊಂದು ವಿಷಯದಲ್ಲಿ ಬೇಡ. ಗುಹೆಯ ದಾರಿ ಗೊತ್ತಾದರೆ ರವಿವಾರ ಮೋಟಾರ್ ಸೈಕಲ್ಲುಗಳು ಸಾಲುಗಟ್ಟುತ್ತವೆ. ವಹಿ ಶಾಲೆಯ ಕಪಾಟಿನಲ್ಲಿರಲಿ. ಅರಣ್ಯ ಇಲಾಖೆಯವರು, ಸಂಶೋಧಕರು ಕೇಳಿದರೆ ತೋರಿಸೋಣ.

"ಪಠ್ಯವೇ ಮುಗಿಯುವುದಿಲ್ಲ, ಇದೆಲ್ಲಿ?" ಎನ್ನುವ ಸಹೋದ್ಯೋಗಿಗಳಿಗೂ ಒಂದು ಮಾತು. ಎಣಿಸುವುದು ಗಣಿತ, ನಕ್ಷೆ ಬರೆಯುವುದು ಭೂಗೋಳ, ಹಿರಿಯರನ್ನು ಕೇಳಿ ಬರೆಯುವುದು ಕನ್ನಡ. ನಮ್ಮ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಕಾಲೇಜಿಗೆ ಹೋದರೆ ಮತ್ತೊಂದು ಭಾಷೆ ಕಲಿಯುತ್ತಾರೆ. ಇಂಥ ಮಕ್ಕಳು ಯಾವುದಾದರೂ ಒಂದು ವಿಷಯವನ್ನು ಕನ್ನಡದಲ್ಲಿ ಮೊದಲ ಸಲ ಬರೆದವರು ಎನಿಸಿಕೊಂಡರೆ ಅವರಿಗೆ ಸಿಗುವ ಧೈರ್ಯ ಸಣ್ಣದಲ್ಲ. ಕನ್ನಡ ಉಳಿಸಿ ಎಂದು ಭಾಷಣ ಮಾಡುವುದಕ್ಕಿಂತ, ಕನ್ನಡದಲ್ಲಿ ಹೊಸದೊಂದನ್ನು ಬರೆದಿಡುವುದು ಮೇಲು ಎಂಬುದು ನನ್ನ ಅನಿಸಿಕೆ.

ನಮ್ಮ ಶಾಲೆಯ ವಹಿಯ ಮೊದಲ ಪುಟ ಆ ಹುಡುಗಿಯ ಕೈಬರಹದಲ್ಲಿದೆ. ಅವಳೇ ಹಟ ಮಾಡಿ ಬರೆದದ್ದು: "ಜಾಗ: ಹಳೇ ವಾಡೆ. ವರ್ಷ: 2020. ಜಾತಿ: ತಿಳಿದಿಲ್ಲ. ಎಣಿಕೆ: ಈಗ ಒಂದೂ ಇಲ್ಲ."

ಆ ಪುಟ ಓದಿದಾಗಲೆಲ್ಲ ನನಗೆ ತಲೆ ತಗ್ಗುತ್ತದೆ. ನಿಮ್ಮ ಶಾಲೆಯ ವಹಿಯ ಮೊದಲ ಪುಟ ಹೀಗೆ ಶುರುವಾಗದಿರಲಿ. ಇವತ್ತು ಸಂಜೆ ನಿಮ್ಮೂರ ಹಳೇ ಬಾವಿಯ ಹತ್ತಿರ, ಸ್ವಲ್ಪ ದೂರ ನಿಂತು, ಆಕಾಶ ನೋಡಿ. ಹೊರಗೆ ಬಂದವನ್ನು ಎಣಿಸಿ. ಎಣಿಸಿದ್ದನ್ನು ಬರೆಯಿರಿ.

ಏನಂತೀರಿ?